ಲೋಲಾಕ್ಷಕ್ಕ ಬರೆದ ಮುಖ

1944ನೇ ಇಸವಿ ಏಪ್ರಿಲ್ ಇಪ್ಪತ್ತು, ಗುರುವಾರ, ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ಲೋಲಾಕ್ಷಕ್ಕ ಒಳಕೋಣೆಯ ಕಪ್ಪು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಎಡಗೈಯ ತೋರುಬೆರಳನ್ನು ತನ್ನ ಕೆನ್ನೆಯ ಒಂದು ಕುಳಿಯಲ್ಲಿ ಊರಿ, ಬಲಗೈಯ ಬೆರಳನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೆ ಒಂದು ಚುಕ್ಕೆ ಇಡುತ್ತಿದ್ದರು. ಗಂಟೆಯ ಬಗ್ಗೆ ನನಗೆ ಸಂಶಯವಿಲ್ಲ. ಆ ಮನೆಯ ಚಾವಡಿಯ ಗಡಿಯಾರ ನಿಂತುಹೋಗಿತ್ತು. ನನ್ನ ಹತ್ತಿರ ಕೈಗಡಿಯಾರ ಇದ್ದದ್ದರಿಂದ ಅದನ್ನು ಸರಿಯಾದ ಹೊತ್ತಿಗೆ ತಿರುಗಿಸಿಡಲು ಅವರ ಅಣ್ಣ ಪುರಂದರಣ್ಣ ನನ್ನನ್ನು ಕರೆಸಿದ್ದರು. ಕೆಲಸ ಮುಗಿಸಿ, ಕೈಗೆ ಹತ್ತಿದ ಎಣ್ಣೆ ತೊಳೆಯಲು ನೀರು ಕೇಳಲೆಂದು ಒಳಗೆ ಇಣುಕಿದಾಗ ಕಂಡದ್ದು ಇದು.

ಮನೆ ಇದ್ದದ್ದು ಕುಂಬಳೆ ಹತ್ತಿರದ ಅನಂತಪುರದಿಂದ ಒಂದೂವರೆ ಮೈಲು ದೂರ, ಕೆಂಪು ಮುರಕಲ್ಲಿನ ಗುಡ್ಡದ ಇಳಿಜಾರಿನಲ್ಲಿ. ಪುರಂದರಣ್ಣನಿಗೆ ಕುಂಬಳೆಯಲ್ಲಿ ಸಣ್ಣ ಜವಳಿ ಅಂಗಡಿ. ನಮ್ಮ ಮನೆ ಗದ್ದೆಯ ಆಚೆ ಬದಿಗೆ. ನಾನಾಗ ಬಿ.ಎಸ್ಸಿ. ಪರೀಕ್ಷೆ ಬರೆದು ಊರಿಗೆ ಬಂದಿದ್ದೆ.

ಹಿಂದಿನ ವರ್ಷದ ಮೇ ತಿಂಗಳಲ್ಲಿ, ಗಂಡನ ಮನೆಯಿಂದ ತವರಿಗೆ ಬಂದಿದ್ದಾಗ, ಲೋಲಾಕ್ಷಕ್ಕನಿಗೆ ಸಿಡುಬು ಬಂದಿತ್ತು. ಆಗ ಅವರ ಪ್ರಾಯ ಇಪ್ಪತ್ತೇಳು. ಗುಡ್ಡದ ಮೇಲೆ ತೆಂಗಿನ ಮಡಲು ಹೊದೆಸಿದ ಒಂದು ಗುಡಿಸಲಿನಲ್ಲಿ ನಲವತ್ತೊಂದು ದಿನ ಇದ್ದರು. ತನಗೆ ಮೊದಲೇ ಸಿಡುಬು ಬಂದು ಹೋಗಿದ್ದ ಬಟ್ಯ ಎಂಬವನು ಗಂಜಿ, ನೀರು, ಬೇವಿನ ಸೊಪ್ಪು ಕೊಂಡುಹೋಗಿ ಕೊಡುತ್ತಿದ್ದ. ಬದುಕಿ ಇಳಿದು ಬಂದರು. ಬರುವ ಹಿಂದಿನ ದಿನ ಅವರ ಅಮ್ಮ ಚೆನ್ನಕ್ಕ, ಮನೆಯಲ್ಲಿದ್ದ ಒಂದೇ ಕನ್ನಡಿಯನ್ನು ಗೋಡೆಯಿಂದ ತೆಗೆದು, ಹಳೆ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟರು. ಕರುಣೆಯಿಂದಲೇ ಮಾಡಿದ್ದು. ಮುಂದಿನ ಬಿಸು ಹಬ್ಬಕ್ಕೆ, ಬೆಳಿಗ್ಗೆ ಎದ್ದೊಡನೆ ನೋಡುವ ಕಣಿ ಇಡುವಾಗಲೂ ಅದನ್ನು ತೆಗೆಯಲಿಲ್ಲ. ಸೌತೆಕಾಯಿ, ತೆಂಗಿನಕಾಯಿ, ಚಿನ್ನದ ಪಕ್ಕದಲ್ಲಿ ಕನ್ನಡಿ ಇರಬೇಕಾದ ಜಾಗದಲ್ಲಿ ಹುಣಿಸೆಹುಳಿ ಹಾಕಿ ತಿಕ್ಕಿದ ಒಂದು ಹಿತ್ತಾಳೆಯ ಹರಿವಾಣ ಕೂತಿತು.

"ಅಮ್ಮ, ಹೇಗೆ ಆಗಿದೆ ಹೇಳಿ," ಎಂದು ಲೋಲಾಕ್ಷಕ್ಕ ಕೇಳಿದರೆ ಚೆನ್ನಕ್ಕ, "ಎಂತ ಆಗ್ಲಿಲ್ಲ. ಎಲ್ಲ ಮಾಸಿ ಹೋಗ್ತದೆ," ಎಂದು ಒಲೆಯ ಕಡೆಗೆ ತಿರುಗುತ್ತಿದ್ದರು.

"ಅಣ್ಣ, ನೀವಾದ್ರೂ ಹೇಳಿ."

"ಜೀವ ಉಳಿಯಿತಲ್ಲ ಮಾರಾಯ್ತಿ, ಮತ್ತೆಂತ ಬೇಕು ನಿನಗೆ?"

ಅವರಿಗೆ ಬೇಕಾದದ್ದು ಸಣ್ಣ ಸಂಗತಿ. ಯಾರಾದರೂ ಒಬ್ಬರು ಮುಖ ಎತ್ತಿ ನೋಡಿ, ಹೀಗಿದೆ, ಆದರೂ ಇದು ನೀನೇ ಎಂದು ಹೇಳಬೇಕಿತ್ತು. ಜುಲೈಯಲ್ಲಿ ಹೊಸಂಗಡಿ ಕಡೆಯ ಅವರ ಗಂಡ ಬಂದರು. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದರು. ಲೋಲಾಕ್ಷಕ್ಕ ಬಾಗಿಲಿಗೆ ಬಂದು ನಿಂತರು. "ಕರ್ಕೊಂಡು ಹೋಗ್ತೀರಾ?" ಎಂದು ಚೆನ್ನಕ್ಕ ಕೇಳಿದಾಗ ಗಂಡ ತನ್ನ ಕೊಡೆಯ ಮೊನೆಯನ್ನೇ ನೋಡುತ್ತ, "ಮಳೆ ಒಂದು ಬಿಡ್ಲಿ ಅತ್ತೆ, ಮತ್ತೆ ನೋಡುವ," ಎಂದರು. ಆ ವರ್ಷದ ಮಳೆ ಅಕ್ಟೋಬರದ ಕೊನೆಯ ವಾರದಲ್ಲಿ ಬಿಟ್ಟಿತು. ಅವರು ಮತ್ತೆ ಬರಲಿಲ್ಲ. ಆ ಬಾಗಿಲಲ್ಲಿ ನಿಂತದ್ದು ಯಾರು ಎಂಬ ಪ್ರಶ್ನೆ ಲೋಲಾಕ್ಷಕ್ಕನಲ್ಲಿ ಉಳಿಯಿತು. ಗಂಡ ಬಿಟ್ಟುಹೋದದ್ದು ತನ್ನನ್ನೋ, ಗುಡ್ಡದಿಂದ ತನ್ನ ಬದಲಿಗೆ ಇಳಿದು ಬಂದ ಇನ್ಯಾರನ್ನೋ?

ನೆಲ ಸಾರಿಸುವುದು ಅವರ ಪಾಲಿನ ಕೆಲಸವಾಗಿತ್ತು. ಸುಟ್ಟ ತೆಂಗಿನ ಗೆರಟೆಯ ಮಸಿಯನ್ನು ನುಣ್ಣಗೆ ಅರೆದು, ಸೆಗಣಿಗೆ ಬೆರೆಸಿ, ಎರಡು ಸಲ ಬಳಿದು, ಅರ್ಧ ಒಣಗಿದಾಗ ಹೊಳೆಯ ಕಲ್ಲಿನಿಂದ ತಿಕ್ಕಬೇಕು. ಲೋಲಾಕ್ಷಕ್ಕ ತಿಕ್ಕಿದ ನೆಲದಲ್ಲಿ ಕಿಟಕಿಯ ಬೆಳಕು ಕಾಣುತ್ತಿತ್ತು. ಅದರ ಮೇಲೆ ಬಗ್ಗಿದರೆ ಒಂದು ತಲೆಯ ಆಕಾರವೂ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕಾಣದ್ದನ್ನು ಬೆರಳಿನಿಂದ ಅಳೆದು ಅಲ್ಲೇ ಬರೆದರೆ ಹೇಗೆ ಎಂದು ಅವರಿಗೆ ಹೊಳೆದದ್ದು ಹಾಗೆ.

ಅವರ ವಿಧಾನ ಕಟ್ಟುನಿಟ್ಟಾಗಿತ್ತು. ಮೂಗಿನ ತುದಿ ಆರಂಭದ ಬಿಂದು. ಅಲ್ಲಿಂದ ಪ್ರತಿಯೊಂದು ಕುಳಿಗೆ ಎಷ್ಟು ಬೆರಳು ದೂರ ಎಂದು ಚರ್ಮದ ಮೇಲೆ ಅಳೆದು, ಅಷ್ಟೇ ಬೆರಳು ನೆಲದ ಮೇಲೆ ಅಳೆದು ಚುಕ್ಕೆ ಇಡುವುದು. ಎರಡು ಚುಕ್ಕೆ ತಾಳೆಯಾಗದಿದ್ದರೆ ಮೊದಲನೆಯದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಅಳೆಯುವುದು. ನಮ್ಮ ಪ್ರಯೋಗಶಾಲೆಯಲ್ಲಿ ಅಷ್ಟು ತಾಳ್ಮೆ ಇದ್ದವರನ್ನು ನಾನು ನೋಡಿರಲಿಲ್ಲ.

ಹಾಗೆ ಬರೆದ ಮುಖ ಮುಖದಂತೆ ಇರಲಿಲ್ಲ. ಅಗಲಕ್ಕೆ ಹರಡಿತ್ತು, ಕಿವಿಗಳು ಎರಡು ಬದಿಗೆ ದೂರ ಹೋಗಿದ್ದವು, ಬಾಯಿ ಕೆನ್ನೆಯವರೆಗೆ ಎಳೆದುಕೊಂಡಿತ್ತು. ಕಪ್ಪಿನ ಮೇಲೆ ಬಿಳಿ ಕುಳಿಗಳು. ನಾನು ಬೆಚ್ಚಿದ್ದನ್ನು ಅವರು ನೋಡಿದರು.

"ಹೆದರಿದ್ರಾ?"

"ಇಲ್ಲ ಅಕ್ಕ."

"ಸುಳ್ಳು ಹೇಳ್ಬೇಡಿ. ನಾನೇ ಹೆದರಿದ್ದೆ ಮೊನ್ನೆ," ಎಂದು ನಕ್ಕರು. "ನೀವು ಕಲಿತವರಲ್ಲ. ಹೇಳಿ ನೋಡುವ, ನನ್ನ ಹಾಗೆ ಉಂಟಾ?"

ನಾನು ನೆಲವನ್ನು ನೋಡುತ್ತಲೇ, "ಅಳತೆ ಸರಿ ಉಂಟು," ಎಂದೆ. ಅವರ ಮುಖದ ಕಡೆಗೆ ಕಣ್ಣೆತ್ತಲಿಲ್ಲ. ನೋಡದಿರುವುದೇ ಮರ್ಯಾದೆ ಎಂದು ನಾನೂ ತಿಳಿದಿದ್ದೆ.

ಹದಿನೈದು ದಿನಕ್ಕೊಮ್ಮೆ ನೆಲ ಸಾರಿಸಬೇಕಾದ್ದರಿಂದ ಯಾವ ಚಿತ್ರಕ್ಕೂ ಹದಿನೈದು ದಿನಕ್ಕಿಂತ ಹೆಚ್ಚು ಆಯುಸ್ಸಿರಲಿಲ್ಲ. ಮುಂದಿನ ನಾಲ್ಕು ವರ್ಷಗಳಲ್ಲಿ, ಊರಿಗೆ ಬಂದಾಗಲೆಲ್ಲ ನೋಡಿದ್ದನ್ನು ಸೇರಿಸಿದರೆ ನಾನು ಕಂಡವು ಹನ್ನೊಂದು. ಬರಬರುತ್ತ ಅವು ಅಳತೆಯನ್ನು ದಾಟಿ ಹೋದವು. ಒಂದರಲ್ಲಿ ಕೆನ್ನೆಯ ಕುಳಿಗಳೆಲ್ಲ ಬಾವಿಗಳು. ಪ್ರತಿ ಬಾವಿಯ ದಂಡೆಯಲ್ಲೂ ಒಬ್ಬ ಹೆಂಗಸು ಹಗ್ಗ ಬಿಟ್ಟು ನಿಂತಿದ್ದಾಳೆ, ಯಾವ ಹಗ್ಗಕ್ಕೂ ಕೊಡ ಇಲ್ಲ. ಇನ್ನೊಂದರಲ್ಲಿ ಒಬ್ಬಳು ತನ್ನ ಮುಖವನ್ನೇ ಗೆರಸಿಯಲ್ಲಿ ಹಾಕಿ ಕೇರುತ್ತಿದ್ದಾಳೆ. ಕಣ್ಣು ಮೂಗು ಹೊಟ್ಟಿನಂತೆ ಹಾರಿ ಹೋಗುತ್ತಿವೆ, ಗೆರಸಿಯಲ್ಲಿ ಉಳಿದದ್ದು ಚುಕ್ಕೆಗಳು ಮಾತ್ರ. ಮತ್ತೊಂದರಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂತ ಇಬ್ಬರಿಗೆ ಒಂದೇ ಜಡೆ. ಒಬ್ಬಳು ಮದುವೆಯ ಒಡವೆ ಹಾಕಿದ್ದಾಳೆ, ಇನ್ನೊಬ್ಬಳು ಆ ಜಡೆಯನ್ನು ಕೊಯ್ಯುತ್ತಿದ್ದಾಳೆ.

"ಇವರಲ್ಲಿ ನೀವು ಯಾರು ಅಕ್ಕ?" ಎಂದು ಕೇಳಿದ್ದೆ.

"ಗೊತ್ತಿದ್ದರೆ ಬರೆಯುದೆಂತಕ್ಕೆ?"

ಮನೆಯವರಿಗೆ ಇದು ಹೆಂಗಸರ ರಂಗೋಲಿ, ಸ್ವಲ್ಪ ಕೆಟ್ಟ ರಂಗೋಲಿ. "ಎಂತ ಪೀಡೆ ಬರೀತಿ ಮಗಳೇ, ಎರಡು ತಾವರೆ ಬರಿಬಾರ್ದಾ?" ಎಂದು ಚೆನ್ನಕ್ಕ ಹೇಳುತ್ತಿದ್ದರು. ಪುರಂದರಣ್ಣನ ಹೆಂಡತಿ ಹರಿಣಾಕ್ಷಿ ಮಕ್ಕಳನ್ನು ಆ ಕೋಣೆಗೆ ಬಿಡುತ್ತಿರಲಿಲ್ಲ.

1948ರ ಬೇಸಗೆಯಲ್ಲಿ ಲೋಲಾಕ್ಷಕ್ಕ ಮೊದಲ ಬಾರಿಗೆ ಒರೆಸಿ ಹೋಗದ ಚಿತ್ರವನ್ನು ಬರೆದರು. ಅಕ್ಕಿಯ ಪೆಟ್ಟಿಗೆಯ ಮುರಿದ ಮುಚ್ಚಳ, ಹಲಸಿನ ಹಲಗೆ; ಉದ್ದ ಎರಡು ಅಡಿ ಒಂಬತ್ತು ಇಂಚು, ಅಗಲ ಒಂದು ಅಡಿ ನಾಲ್ಕು ಇಂಚು. ಅದಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಮಸಿ ಕಲಸಿ ಬಳಿದರು. ಆ ಎಣ್ಣೆ ತಾಗಿದಲ್ಲಿ ಚರ್ಮ ಸುಡುತ್ತದೆ. ಅವರ ಬೆರಳುಗಳು ಒಂದು ತಿಂಗಳು ಸುಲಿದಿದ್ದವು. ಕುಳಿಗಳನ್ನು ಮೊಳೆಯಿಂದ ಕೊರೆದು ಸುಣ್ಣ ತುಂಬಿದರು. ಹಲಗೆಯ ಮುಕ್ಕಾಲು ಭಾಗ ಆ ಹರಡಿದ ಮುಖ. ಕೆಳಗಿನ ಮೂಲೆಯಲ್ಲಿ, ಬೆನ್ನು ಹಾಕಿ ನಿಂತ ಒಬ್ಬ ಸಣ್ಣ ಹೆಂಗಸು ಕೈ ಮೇಲೆತ್ತಿ ಆ ದೊಡ್ಡ ಮುಖವನ್ನು ಮುಖವಾಡದಂತೆ ದಾರಗಳಿಂದ ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾಳೆ. ಅವಳಿಗೆ ಮುಖ ಇಲ್ಲ.

"ಇದನ್ನು ಎಂತ ಮಾಡ್ತೀರಿ?" ಎಂದೆ.

"ಇಡ್ತೇನೆ. ಎರಡು ವರ್ಷ ಬಿಟ್ಟು ಮತ್ತೆ ಅಳೆದು ನೋಡುದು. ಕುಳಿ ತುಂಬ್ತಾ ಉಂಟು, ಗೊತ್ತುಂಟಾ? ಎಡಗೆನ್ನೆಯಲ್ಲಿ ಮೂರು ಈಗಲೇ ಬೆರಳಿಗೆ ಸಿಕ್ಕುದಿಲ್ಲ. ತುಂಬಿದ ಹಾಗೆ ಇದರಲ್ಲೂ ಮುಚ್ಚುದು."

ಹಲಗೆಯನ್ನು ಅಟ್ಟದಲ್ಲಿ ಧೂಳು ಕೂರದ ಹಾಗೆ ಕವುಚಿ ಇಟ್ಟರು.

ಮರುವರ್ಷ ನವೆಂಬರದಲ್ಲಿ ಪುರಂದರಣ್ಣನ ಎರಡನೆಯ ಮಗುವಿಗೆ ಜ್ವರ ಹಿಡಿಯಿತು. ಹದಿನೆಂಟು ದಿನವಾದರೂ ಬಿಡಲಿಲ್ಲ. ಕುಂಬಳೆಯ ಡಾಕ್ಟರು ವಿಷಮಶೀತ ಜ್ವರ ಎಂದು ಹೇಳಿ ಮದ್ದು ಕೊಟ್ಟಿದ್ದರು. ಹತ್ತೊಂಬತ್ತನೆಯ ದಿನ ಶಿವಸುಬ್ರಹ್ಮಣ್ಯ ಜೋಯಿಸರು ಬಂದರು. ತಂದಿಟ್ಟ ವೀಳ್ಯದೆಲೆಗಳನ್ನು ಎಣಿಸಿ ಗುಣಿಸುವ ತಾಂಬೂಲ ಪ್ರಶ್ನೆ. ಜೋಯಿಸರು ಕೆಟ್ಟವರಲ್ಲ, ಮೋಸಗಾರರೂ ಅಲ್ಲ. ಲೆಕ್ಕ ಮುಗಿಸಿ ಹೇಳಿದರು: "ಮನೆಯೊಳಗೇ ಒಂದು ಶಕ್ತಿ ಉಂಟು. ಮರದಲ್ಲಿ ಉಂಟು. ಕತ್ತಲೆಯಲ್ಲಿ ಕವುಚಿ ಹಾಕಿದ್ದೀರಿ."

ಯಾವ ಮನೆಯ ಅಟ್ಟದಲ್ಲಾದರೂ ಕವುಚಿ ಹಾಕಿದ ಒಂದು ಮರದ ತುಂಡು ಸಿಕ್ಕೀತು. ಈ ಮನೆಯಲ್ಲಿ ಸಿಕ್ಕಿದ್ದಕ್ಕೆ ಮುಖ ಇತ್ತು. ಅಂಗಳಕ್ಕೆ ತಂದು ಮಗುಚಿದಾಗ ಚೆನ್ನಕ್ಕ ಕೈಮುಗಿದು ಕೂತುಬಿಟ್ಟರು. ಅಗಲ ಮುಖ, ದೂರದ ಕಿವಿ, ಎಳೆದ ಬಾಯಿ: ದೈವ ಕಟ್ಟುವವರು ಮುಖಕ್ಕೆ ಹಾಕುವ ಕಂಚಿನ ಮೊಗವನ್ನು ಹುಟ್ಟಿದಾಗಿನಿಂದ ನೋಡಿದವರಿಗೆ ಅದು ಬೇರೇನೂ ಆಗಲು ಸಾಧ್ಯವಿರಲಿಲ್ಲ.

ಲೋಲಾಕ್ಷಕ್ಕ ಒಳಗಿನಿಂದ ಓಡಿ ಬಂದರು. "ಅದು ನಾನು ಬರೆದದ್ದು! ಅಣ್ಣ, ಅದು ನನ್ನ ಮುಖ."

"ಒಳಗೆ ಹೋಗು ನೀನು," ಎಂದರು ಪುರಂದರಣ್ಣ.

"ನಾನ್ಯಾಕೆ ಹೋಗ್ಬೇಕು? ಇವರ ಹತ್ರ ಕೇಳಿ. ಇವರಿಗೆ ಗೊತ್ತುಂಟು," ಎಂದು ನನ್ನ ಕಡೆ ಕೈ ತೋರಿಸಿದರು. ನಾನಾಗ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಮಗುವನ್ನು ನೋಡಲು ಬಂದಿದ್ದೆ.

ಜೋಯಿಸರು ಕೇಳಿದರು, "ಹೌದಾ ಮಾಷ್ಟ್ರೇ?"

"ಹೌದು. ಅವರು ಬರೆಯುದನ್ನು ನಾನು ಕಣ್ಣಾರೆ ನೋಡಿದ್ದೇನೆ."

"ಬರೆದದ್ದು ಅವರ ಕೈ, ಸರಿ. ಬರೆಸಿದ್ದು ಯಾರು? ಸಿಡುಬಿನಲ್ಲಿ ನಲವತ್ತೊಂದು ದಿನ ಗುಡ್ಡದಲ್ಲಿ ಒಬ್ಬರೇ ಇದ್ದವರು. ಅಲ್ಲಿಂದ ಜೊತೆಗೆ ಎಂತ ಬಂತು ಅಂತ ಅವರಿಗಾದ್ರೂ ಗೊತ್ತುಂಟಾ?" ಅವರ ದನಿಯಲ್ಲಿ ಮರುಕವಿತ್ತು. "ಇರಲಿ. ನೀವು ಸೈನ್ಸ್ ಕಲಿತವರು, ನಿಮ್ಮನ್ನೇ ಕೇಳ್ತೇನೆ. ಇದು ಇವರ ಮುಖವಾ?"

ನಾನು ಹಲಗೆಯನ್ನು ನೋಡಿದೆ. ಆಮೇಲೆ, ಆರು ವರ್ಷಗಳಲ್ಲಿ ಮೊದಲ ಬಾರಿ, ಲೋಲಾಕ್ಷಕ್ಕನ ಮುಖವನ್ನು ನೇರವಾಗಿ ನೋಡಿದೆ. ಉದ್ದನೆಯ, ಸಣ್ಣ ಮುಖ. ತೀಡಿದಂಥ ಮೂಗು. ಕುಳಿಗಳು ನಾನು ಊಹಿಸಿದ್ದಕ್ಕಿಂತ ಕಡಿಮೆ. ಅವರು ಕಣ್ಣು ಮಿಟುಕಿಸದೆ ಕಾಯುತ್ತಿದ್ದರು. ಹೌದು ಎಂಬ ಒಂದು ಮಾತು ಸಾಕಾಗುತ್ತಿತ್ತು. ಆದರೆ ನನಗೆ ಕಂಡದ್ದು ಅಗಲದ ವ್ಯತ್ಯಾಸ.

"ಪೂರ್ತಿ ಹಾಗೆ ಇಲ್ಲ," ಎಂದೆ.

ಜೋಯಿಸರು ತಲೆಯಾಡಿಸಿದರು. ಹಲಗೆಯ ಕೆಳಮೂಲೆಯ ಆ ಮುಖವಿಲ್ಲದ ಹೆಂಗಸಿನ ಮೇಲೆ ಬೆರಳಿಟ್ಟು, "ಇಲ್ಲಿ ಸೇವೆ ಮಾಡುವವಳು ಒಬ್ಬಳು ಇದ್ದಾಳಲ್ಲ, ಇದು ನೀವಮ್ಮ. ಬೇಸರ ಮಾಡ್ಬೇಡಿ, ದೊಡ್ಡ ಭಾಗ್ಯ," ಎಂದರು.

ಹಲಗೆಯನ್ನು ಒಂದು ಗುಡಿ ಕಟ್ಟಿ ಕೂರಿಸಿ ನಂಬಬೇಕೆಂದು ಅವರು ಪುರಂದರಣ್ಣನಿಗೆ ಹೇಳುತ್ತಿರುವಾಗ ಲೋಲಾಕ್ಷಕ್ಕ ಒಳಗೆ ಹೋದರು.

ನನಗೆ ಕಾರಣ ಹೊಳೆದದ್ದು ಆರು ದಿನಗಳ ಮೇಲೆ, ಶಾಲೆಯಲ್ಲಿ ಭೂಪಟದ ಪಾಠ ಮಾಡುವಾಗ. ಚಕ್ಕೋತದ ಸಿಪ್ಪೆಯನ್ನು ಸುಲಿದು ಮೇಜಿನ ಮೇಲೆ ಒತ್ತಿದರೆ ಅದು ಹಣ್ಣಿಗಿಂತ ಅಗಲವಾಗಿ ಹರಡುತ್ತದೆ. ಕಣ್ಣು ಮುಖವನ್ನು ಎದುರಿನಿಂದ ನೋಡುತ್ತದೆ. ಬೆರಳು ಕೆನ್ನೆಯ ಉಬ್ಬನ್ನು ಹತ್ತಿ ಇಳಿದು ಅಳೆಯುತ್ತದೆ. ಲೋಲಾಕ್ಷಕ್ಕನ ಮುಖವನ್ನು ಬೆರಳಿನ ದಾರಿಯಲ್ಲಿ ಚಪ್ಪಟೆ ಮಾಡಿದರೆ ಬರುವುದು ಆ ಹಲಗೆಯ ಮೇಲಿನ ಮುಖವೇ, ಒಂದು ಬೆರಳಿನ ವ್ಯತ್ಯಾಸವೂ ಇಲ್ಲದೆ. ಸಂಜೆಯೇ ಒಂದು ಚಕ್ಕೋತ ಹಿಡಿದುಕೊಂಡು ಹೋಗಿ ಪುರಂದರಣ್ಣನಿಗೆ ಸುಲಿದು ತೋರಿಸಿ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿದರು.

"ಇರಬಹುದು ಮಾಷ್ಟ್ರೇ. ನೀವು ಹೇಳುದು ಸುಳ್ಳು ಅಂತ ನಾನು ಹೇಳುದಿಲ್ಲ. ಆದ್ರೆ ಗುಡಿಗೆ ಪಾಯ ತೆಗೆದಾಯ್ತು. ಮಗುವಿನ ಜ್ವರವೂ ಇಳೀತಾ ಉಂಟು," ಎಂದು ಒಂದು ತೊಳೆ ಬಾಯಿಗೆ ಹಾಕಿಕೊಂಡರು.

ವಿಷಮಶೀತ ಜ್ವರ ನಾಲ್ಕನೆಯ ವಾರದಲ್ಲಿ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಅದನ್ನು ನಾನು ಹೇಳಲಿಲ್ಲ.

1950ರ ಫೆಬ್ರವರಿಯಲ್ಲಿ, ಮನೆಯ ಹಿಂದಿನ ಗುಡ್ಡಕ್ಕೆ ತಾಗಿ, ಮುರಕಲ್ಲಿನ ಸಣ್ಣ ಗುಡಿಯಲ್ಲಿ ಹಲಗೆ ಕೂತಿತು. ದೈವಕ್ಕೆ ಕನ್ನಡಿ ಇಡಬೇಕು ಎಂದು ಯಾರೋ ಹೇಳಿದರು. ಚೆನ್ನಕ್ಕ ಪೆಟ್ಟಿಗೆಯ ತಳದಿಂದ ಆ ಕನ್ನಡಿಯನ್ನು ತೆಗೆದು, ಸೀರೆ ಬಿಡಿಸಿ, ಒರೆಸಿ ಕೊಟ್ಟರು. ಮಗಳು ನೋಡದಿರಲೆಂದು ಅಡಗಿಸಿಟ್ಟದ್ದು ಮಗಳ ಚಿತ್ರದ ಎದುರು ನಿಂತಿತು. ಬಾಳೆಲೆ, ಅವಲು, ಎಳನೀರು ಇಟ್ಟು ತಂಬಿಲದ ಪೂಜೆ ನಡೆಯಿತು. ಏಳು ವರ್ಷ ಮುಖ ತಿರುಗಿಸಿಕೊಂಡೇ ಬಡಿಸಿದವರು, ಉಂಡವರು, ಆ ದಿನ ಒಬ್ಬೊಬ್ಬರಾಗಿ ಗುಡಿಯ ಬಾಗಿಲಿಗೆ ಬಂದು ಆ ಮುಖವನ್ನು ಕಣ್ತುಂಬ ನೋಡಿ ಕೈಮುಗಿದರು. ಹೆಂಗಸರಿಗೆ ಗುಡಿಯ ಒಳಗೆ ಪ್ರವೇಶವಿಲ್ಲ. ಲೋಲಾಕ್ಷಕ್ಕ ಅಂಗಳದ ಅಂಚಿನಲ್ಲಿ ನಿಂತಿದ್ದರು.

ನೆರೆಮನೆಯ ಕಿಟ್ಟಣ್ಣನಿಗೆ ಎಲ್ಲಿ ಏನು ಹೇಳಬೇಕೆಂಬ ಅಂದಾಜಿಲ್ಲ. "ದೈವಕ್ಕೆ ಕೇಪುಳದ ಹೂ, ಎಳನೀರು, ಎಲ್ಲ ಆಯ್ತು. ಬರೆದವರಿಗೆ ಒಂದು ಗ್ಲಾಸು ಪಾನಕ ಆದ್ರೂ ಕೊಡು ಪುರಂದರಾ!" ಎಂದು ಗಟ್ಟಿಯಾಗಿ ಹೇಳಿದರು. ನಾಲ್ಕು ಜನ ನಕ್ಕರು.

"ಸುಮ್ನಿರು ಮಾರಾಯ," ಎಂದರು ಪುರಂದರಣ್ಣ.

ಅದೇ ವರ್ಷ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಎಲ್ಲರೂ ಉಂಡು ಮಲಗಿದ್ದಾಗ, ಲೋಲಾಕ್ಷಕ್ಕ ಒಂದು ಗೆರಟೆಯಲ್ಲಿ ಮಸಿ ಕಲಸಿಕೊಂಡು ಗುಡಿಯೊಳಗೆ ಹೋದರು. ಹೇಳಿದ್ದ ಎರಡು ವರ್ಷ ಆಗಿತ್ತು; ತುಂಬಿದ ಕುಳಿಗಳನ್ನು ಹಲಗೆಯಲ್ಲೂ ಮುಚ್ಚಬೇಕಿತ್ತು. ಒಣಗಿದ ಬಟ್ಟೆ ತೆಗೆಯಲು ಬಂದ ಹರಿಣಾಕ್ಷಿ ಅವರನ್ನು ಕಂಡು ಕೂಗಿದರು. "ಅಕ್ಕಾ, ಎಂತ ಮಾಡಿದ್ರಿ ನೀವು! ಮಕ್ಕಳು ಮರಿ ಇರುವ ಮನೆ ಇದು!" ಜನ ಸೇರಿದರು. ಗೆರಟೆಯಲ್ಲಿ ಮಸಿ ಹಾಗೆಯೇ ಇತ್ತು, ಹಲಗೆಗೆ ಒಂದು ಚುಕ್ಕೆಯೂ ತಾಗಿರಲಿಲ್ಲ. ಆದರೂ ಗುಡಿಯ ಶುದ್ಧ ಮಾಡಿಸಲು ಹೇಳಿಕಳಿಸಿದರು. ಗುಡಿಗೆ ಬೀಗ ಬಿತ್ತು. ಕೀಲಿಕೈ ಪುರಂದರಣ್ಣನ ಸೊಂಟದ ಉಡಿದಾರಕ್ಕೆ ಹೋಯಿತು.

ಮೂರು ದಿನ ಬಿಟ್ಟು ನಾನು ಹೋದಾಗ ಅವರು ಹಿತ್ತಿಲ ಜಗಲಿಯಲ್ಲಿ ಕೂತು ತೆಂಗಿನ ಗರಿಯ ಕಡ್ಡಿ ಸೀಳುತ್ತಿದ್ದರು.

"ಯಾಕೆ ಅಕ್ಕ ಮುಚ್ಚಲಿಲ್ಲ? ಹೊತ್ತು ಸಾಕಾಗ್ಲಿಲ್ಲವಾ?"

"ಹೊತ್ತು ಇತ್ತು. ಅಲ್ಲಿ ಕನ್ನಡಿ ಇತ್ತಲ್ಲ." ಒಂದು ಕಡ್ಡಿಯನ್ನು ಪೂರ್ತಿ ಸೀಳಿ ಬದಿಗಿಟ್ಟರು. "ಹಲಗೆಯಲ್ಲಿ ಇದ್ದದ್ದನ್ನು ನೋಡಿದೆ. ಕನ್ನಡಿಯಲ್ಲಿ ಇದ್ದದ್ದನ್ನು ನೋಡಿದೆ. ಎರಡೂ ನನ್ನ ಹಾಗೆ ಇಲ್ಲ ಮಾಷ್ಟ್ರೇ. ಯಾವುದನ್ನು ನೋಡಿ ಯಾವುದನ್ನು ಸರಿ ಮಾಡುದು?"

ಚಕ್ಕೋತದ ವಿಷಯವನ್ನು ಅವರಿಗೂ ಹೇಳಿದೆ. ಅಳತೆ ಒಂದಿಷ್ಟೂ ತಪ್ಪಿರಲಿಲ್ಲ, ಆ ದಿನ ಅಂಗಳದಲ್ಲಿ ತಪ್ಪಿದ್ದು ನಾನು ಎಂದೂ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡುವಂತೆ, "ಇರಲಿ ಬಿಡಿ. ನೀವು ಕಂಡದ್ದನ್ನು ಹೇಳಿದ್ರಿ," ಎಂದರು. ಅಂದಿನಿಂದ ಅವರು ನೆಲದ ಮೇಲೂ ಬರೆಯಲಿಲ್ಲ. ಸಾರಿಸುವ ಕೆಲಸವನ್ನು ಹರಿಣಾಕ್ಷಿಗೆ ಬಿಟ್ಟರು. ಹರಿಣಾಕ್ಷಿ ಕಲ್ಲಿನಿಂದ ತಿಕ್ಕುತ್ತಿರಲಿಲ್ಲ. ನೆಲ ಬೂದಿಯ ಬಣ್ಣಕ್ಕೆ ತಿರುಗಿತು.

1951ರ ಫೆಬ್ರವರಿ ಹದಿನಾಲ್ಕು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಜನಗಣತಿಯ ಕಾಗದಗಳನ್ನು ಹಿಡಿದು ಆ ಮನೆಗೆ ಹೋದೆ. ಆ ಕೆಲಸವನ್ನು ನಮ್ಮಂಥ ಮಾಸ್ತರರಿಗೆ ಒಪ್ಪಿಸಿದ್ದರು. ಪುರಂದರಣ್ಣ ಅಂಗಡಿಗೆ ಹೋಗಿದ್ದರು, ಹರಿಣಾಕ್ಷಿ ಗದ್ದೆಯಲ್ಲಿದ್ದರು, ಚೆನ್ನಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ. ಲೋಲಾಕ್ಷಕ್ಕ ಬಾಗಿಲಿಗೆ ಬಂದರು. ಮನೆಯಲ್ಲಿ ಯಾರು ಯಾರಿದ್ದಾರೆಂದು ನನಗೆ ಗೊತ್ತಿತ್ತು: ಚೆನ್ನಕ್ಕ, ಪುರಂದರಣ್ಣ, ಹರಿಣಾಕ್ಷಿ, ಅವರ ಮೂವರು ಮಕ್ಕಳು, ಏಳನೆಯವರು ಲೋಲಾಕ್ಷಕ್ಕ. ಆದರೂ ನಿಯಮದ ಪ್ರಕಾರ ಕೇಳಲೇಬೇಕು.

"ಮನೆಯಲ್ಲಿ ಎಷ್ಟು ಜನ ಅಕ್ಕ?"

"ಗುಡಿಯಲ್ಲಿ ಇರುವವರನ್ನು ಬರೆಯಲಿಕ್ಕೆ ಉಂಟಾ?"

"ಇಲ್ಲ ಅಕ್ಕ. ಮನುಷ್ಯರನ್ನು ಮಾತ್ರ."

ಅವರು ಒಳಗಿನ ಕಡೆ ಒಮ್ಮೆ ತಿರುಗಿ, ಮನಸ್ಸಿನಲ್ಲೇ ಎಣಿಸಿ ಹೇಳಿದರು:

"ಹಾಗಾದ್ರೆ ಆರು."